ಉಟಗಿಗೆ ಹೊತ್ತ ಕಳ್ಳ ಕುಬಸ

ಗುಳೇದಗುಡ್ಡ

ವಿಲಾಯತಿಗೆ ಹೋಗಿ ಬಂದವರು ಪುಸ್ತಕ ಬರೆಯುತ್ತಾರೆ. ಹಡಗು, ಹಿಮ, ಮುಳ್ಳಿನ ಚಮಚ ಅಂತ ಏನೇನೋ ಹೇಳುತ್ತಾರೆ. ನಾನು ಹೋದದ್ದು ಉಟಗಿಗೆ. ಸಾಂಗ್ಲಿ ಜಿಲ್ಲೆ, ಜತ್ತ ತಾಲೂಕು, ಮಹಾರಾಷ್ಟ್ರ. ನಾವಾಗ ಇನ್ನೂ ಮೈಸೂರು ರಾಜ್ಯದವರು. ನಡುವೆ ಸಮುದ್ರವಿಲ್ಲ, ನೆಟ್ಟಗೆ ಒಂದು ಹಳ್ಳವೂ ಇಲ್ಲ. ಆದರೆ ನನ್ನ ತಂಗಿ ಕಾಶವ್ವನ ಪ್ರಕಾರ ಅದು ಪರದೇಶ. ಅವಳು ಹಾಗೆ ಅಂದದ್ದಕ್ಕೇ ಇದನ್ನು ಪ್ರವಾಸ ಕಥನವೆಂದು ಬರೆಯುತ್ತಿದ್ದೇನೆ. ಯಾರಿಗಾದರೂ ತಕರಾರಿದ್ದರೆ ಅವಳನ್ನು ಕೇಳಬೇಕು.

ನಾನು ಗುಳೇದಗುಡ್ಡದ ಸಾಲಿ ಮಾಸ್ತರ. ಮಗಳು ಗಂಗಾ ಒಬ್ಬಳೇ. ಅವಳಿಗೆ ಎಂಟು ವರ್ಷವಿದ್ದಾಗ ನನ್ನ ಹೆಂಡತಿ ತೀರಿಕೊಂಡಳು. ಅಂದಿನಿಂದ ರೊಟ್ಟಿ ಬಡಿದವನು, ಅವಳ ಜಡೆ ಹೆಣೆದವನು ನಾನೇ. ಆಕೆಯನ್ನು ಉಟಗಿಯ ಒಂದು ಒಕ್ಕಲು ಮನೆತನಕ್ಕೆ ಕೊಟ್ಟೆ. ಗಡಿಯ ಗಲಾಟೆ ಜೋರಾಗಿದ್ದ ಕಾಲ. ನಮ್ಮ ಬಳಗದವರು ಮದುವೆಯ ಊಟ ಉಣ್ಣುತ್ತಲೇ, ಹೆಣ್ಣನ್ನು ಬೇರೆ ರಾಜ್ಯಕ್ಕೆ ತಳ್ಳಿದನೆಂದು ಮಾತಾಡಿಕೊಂಡರು. ಹುಡುಗ ಚಲೋ, ಅತ್ತೆ ಚಲೋ, ಮನೆಯಲ್ಲಿ ಕನ್ನಡ ಮಾತು. ಇನ್ನು ಕಂದಾಯ ಯಾರಿಗೆ ಕಟ್ಟಿದರೆ ನನಗೇನು?

ಆ ವೈಶಾಖದಲ್ಲಿ ಅಳಿಯನ ಕಾರ್ಡು ಬಂತು. ಗಂಗಾಗೆ ಐದನೆಯ ತಿಂಗಳು ನಡೆದಿತ್ತು. ನಮ್ಮ ಕಡೆ ಐದರಲ್ಲಿ ಕಳ್ಳ ಕುಬಸ ಮಾಡುತ್ತಾರೆ. ತವರಿನ ಹೆಂಗಸರು ಹೇಳದೆ ಕೇಳದೆ ಹೋಗಿ, ಬಸುರಿಗೆ ಹಸಿರು ಸೀರೆ, ಕುಬಸವೆನ್ನುವ ಹಸಿರು ರವಿಕೆ ತೊಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬಿ ಬರಬೇಕು. ಅವಳಿಗೆ ಮೊದಲೇ ಸುಳಿವು ಸಿಕ್ಕಿದರೆ ಅದು ಕಳ್ಳ ಕುಬಸವೇ ಅಲ್ಲ. ಆರರಲ್ಲಿ ಮಾಡುವಂತಿಲ್ಲ. ತವರಿನವರು ಬಾರದಿದ್ದರೆ ಹುಡುಗಿ ಓಣಿಯಲ್ಲಿ ತಲೆ ತಗ್ಗಿಸಿ ಓಡಾಡಬೇಕಾಗುತ್ತದೆ.

ಅವ್ವನಿಲ್ಲದ ಮೇಲೆ ಇದು ಸೋದರತ್ತೆಯ ಕೆಲಸ. ಕಾಶವ್ವನ ಮನೆಗೆ ಇಪ್ಪತ್ತು ದಿನದಲ್ಲಿ ಐದು ಸಲ ಹೋದೆ. ಐದನೆಯ ಸಲ ಅವಳು ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

“ಹೆಣ್ಣು ಕೊಡೂ ಮುಂದ ನನ್ನ ಕೇಳಿದ್ದೇನು? ಪರದೇಶಕ್ಕ ಕೊಟ್ಟಿ. ಈಗ ನೀನ ಹೊತ್ಕೊಂಡು ಹೋಗು ಕುಬಸ!”

“ಹೊತ್ಕೊಂಡು ಹೋಗ್ತೀನಿ.”

“ಗಂಡಸು ಕುಬಸ ಹೊರ್ತಾನೇನೋ ಅಣ್ಣಾ? ಮಂದಿ ಹಲ್ಲು ಕಿಸೀತಾರ.”

“ಕಿಸೀಲಿ. ಹಲ್ಲು ಅವರವು.”

ಅಂದುಬಿಟ್ಟೆ. ಅಂದ ಮೇಲೆ ಮಾಡಲೇಬೇಕಲ್ಲ. ಓಣಿಯ ನೇಕಾರ ಗೆಳೆಯ ಮಗ್ಗದ ಮೇಲಿದ್ದ ಹಸಿರು ಖಣ ಕುಬಸಕ್ಕೆಂದು ಕತ್ತರಿಸಿ ಕೊಟ್ಟ. ಇಳಕಲ್ಲಿನ ಹಸಿರು ಸೀರೆ ತಂದೆ. ಭಾನುವಾರ ಬೆಳಗಿನ ನಾಲ್ಕಕ್ಕೆ ಎದ್ದು ಶೇಂಗಾದ ಹೋಳಿಗೆ, ಎಳ್ಳಿನ ಹೋಳಿಗೆ, ಕರಿಗಡಬು ನಾನೇ ಮಾಡಿದೆ. ಹೋಳಿಗೆ ನಾಲ್ಕು ಸೀದವು. ಅವನ್ನು ದಾರಿಗೆ ಕಟ್ಟಿಕೊಂಡೆ. ಕುಬಸಕ್ಕೆ ಸೋಮವಾರವೇ ಆಗಬೇಕು, ಮರುದಿನ ಐದನೆಯ ತಿಂಗಳಿನ ಕೊನೆಯ ಸೋಮವಾರ. ಅದು ತಪ್ಪಿದರೆ ಎಲ್ಲ ತಪ್ಪಿದಂತೆ.

ವಿಜಾಪುರ

ರೈಲಿನಲ್ಲಿ ಗಂಟು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದೆ. ಹಸಿರು ಸೀರೆಯ ಸೆರಗು ಹೊರಗೆ ಇಣುಕಿದಾಗೆಲ್ಲ ಎದುರಿನ ಹೆಂಗಸರು ನನ್ನ ಹಿಂದೆ ಮುಂದೆ ಹಣಿಕಿ, ಜೊತೆಗೆ ಬಂದ ಹೆಣ್ಣುಮಕ್ಕಳನ್ನು ಹುಡುಕುತ್ತಿದ್ದರು. ಒಬ್ಬಾಕೆ ಕೇಳಿಯೇ ಬಿಟ್ಟಳು. “ಮನಿಯಾಗಿನವರು ಮುಂದಿನ ಡಬ್ಬಿಯಾಗ ಅದಾರೇನ್ರಿ?” “ಹನ್ನೆರಡು ವರ್ಷಾತು, ಭಾಳ ಮುಂದ ಹೋಗ್ಯಾರ” ಅಂದೆ. ಪಾಪ, ಆಕೆ ಕಣ್ಣೀರು ಹಾಕಿದಳು. ಹಾಗೆ ಒರಟಾಗಿ ಹೇಳಬಾರದಿತ್ತು. ಸೀಯದ ಹೋಳಿಗೆಯೊಂದನ್ನು ಗಂಟಿನಿಂದ ತೆಗೆದು ಆಕೆಯ ಕೈಗಿಟ್ಟೆ.

ವಿಜಾಪುರದಲ್ಲಿ ಬಳೆ ಕೊಳ್ಳಲು ನಿಂತೆ. ಬಳೆಗಾರ ಚಾಚಾ ಅಳತೆ ಕೇಳಿದ. ಅಳತೆ ಯಾರಿಗೆ ಗೊತ್ತು? ಹೆಬ್ಬೆರಳಿಗೆ ನಡುಬೆರಳು ಕೂಡಿಸಿ ಒಂದು ಸುತ್ತು ಮಾಡಿ ತೋರಿಸಿದೆ. ಗಂಡನ ಮನೆಗೆ ಕಳಿಸುವ ದಿನ ಗಂಗಾಳ ಕೈ ಹಾಗೆ ಹಿಡಿದಿದ್ದೆ, ಅಷ್ಟೇ ನೆನಪು. ಚಾಚಾ ನಗಲಿಲ್ಲ. ನನ್ನ ಬೆರಳಿನ ಸುತ್ತಿನೊಳಗೆ ಬಳೆ ಇಟ್ಟು ನೋಡಿದ. “ಬಸರಿ ಕೈ ಬಾತಿರ್ತಾವ ಮಾಸ್ತರ, ಒಂದು ಅಳತಿ ದೊಡ್ಡದು ಒಯ್ರಿ” ಅಂದು ಹತ್ತಿಯಲ್ಲಿ ಸುತ್ತಿ ಕೊಟ್ಟ. ಆ ರಾತ್ರಿ ವಿಜಾಪುರದ ಮಠವೊಂದರಲ್ಲಿ ಉಳಿದೆ.

ಚಡಚಣ

ಸೋಮವಾರ ಮುಂಜಾನೆ ಚಡಚಣಕ್ಕೆ ಬಂದಿಳಿದೆ. ಅಲ್ಲಿಗೆ ನಮ್ಮ ರಾಜ್ಯ ಮುಗಿಯಿತು. ಮುಂದೆ ಮಹಾರಾಷ್ಟ್ರದ ಕೆಂಪು ಎಸ್‌ಟಿ ಬಸ್ಸು ಹಿಡಿಯಬೇಕು. ಬಸ್ಸು ಹೊತ್ತಿಗೆ ಸರಿಯಾಗಿ ಬಂದು ನಿಂತಿತ್ತು. ತಪ್ಪು ಪೂರಾ ನನ್ನದೇ.

ಚಹಾದಂಗಡಿಯವನು, “ಆ ಕಡೆ ಹೊಂಟೀರೇನ್ರಿ? ಅಲ್ಲಿ ಕನ್ನಡ ನಡಿಯೂದಿಲ್ಲ, ನೋಡ್ಕೊಂಡು ಹೋಗ್ರಿ” ಅಂದ. ಮಗಳನ್ನು ಕೊಟ್ಟಾಗಿನಿಂದ ಇದೇ ಮಾತು ಕೇಳಿ ಕೇಳಿ ನನ್ನ ಕಿವಿ ಕಾದಿದ್ದವು. ಚಹಾದ ಬಸಿಯನ್ನು ಕೆಳಗಿಟ್ಟು ಅವನಿಗೆ ಪಾಠ ಸುರು ಮಾಡಿದೆ. ಉಟಗಿಯ ಕನ್ನಡ ಶಾಸನದ ಕಲ್ಲುಗಳಿಂದ ಹಿಡಿದು ಅಲ್ಲಿನ ಲಾಲಿ ಪದದ ತನಕ ಬಂದಿದ್ದೆ. ಅಷ್ಟರಲ್ಲಿ ಅವನು ಮೆಲ್ಲಗೆ ನನ್ನ ಹಿಂದಕ್ಕೆ ಬೆರಳು ತೋರಿಸಿದ. ಬಸ್ಸು ಧೂಳೆಬ್ಬಿಸಿಕೊಂಡು ಹೊರಟಿತ್ತು. ಗಂಟು ಹೊತ್ತು ಓಡಿದೆ. ಐವತ್ತೆರಡರ ಕಾಲು, ಬಸ್ಸು ಹಿಡಿಯುತ್ತವೆಯೇ?

ಮುಂದಿನ ಬಸ್ಸು ಮಧ್ಯಾಹ್ನಕ್ಕೆ. ಚಹಾದವನೇ ಮರುಗಿ ಒಂದು ಜೀಪು ನಿಲ್ಲಿಸಿದ. ಆರು ಮಂದಿಯ ಜೀಪಿನಲ್ಲಿ ಹದಿಮೂರು ಮಂದಿ ಇದ್ದೆವು, ಸಾಲದ್ದಕ್ಕೆ ಒಂದು ಟಗರು. ಅದು ಆ ಕಡೆಯ ಮಾಡಗ್ಯಾಳ ತಳಿಯ ಟಗರು. ನಮ್ಮ ಕಡೆಯ ಕುರಿಗಳ ಮೂಗು ನೆಟ್ಟಗೆ, ಇದರದು ಗಿಳಿಯ ಕೊಕ್ಕಿನಂತೆ ಬಾಗಿತ್ತು. ಒಡೆಯ ಕುರುಬರಾತ ಅದನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದ. ನನಗೆ ಕಾಲಿಡಲು ಜಾಗವಿರಲಿಲ್ಲ, ಟಗರಿಗೆ ಮಾತ್ರ ಒರಗಿಕೊಳ್ಳಲು ನನ್ನ ಮೊಣಕಾಲಿತ್ತು.

ರಸ್ತೆಯ ಕಲ್ಲುಗಳ ಮೇಲಿನ ಅಕ್ಷರ ಮರಾಠಿಗೆ ತಿರುಗಿದವು. ಜೀಪಿನೊಳಗಿನ ಮಾತು ತಿರುಗಲಿಲ್ಲ. ಡ್ರೈವರ್ ದಾರಿಯಲ್ಲಿ ನಿಂತಿದ್ದ ಒಬ್ಬ ಸಾಹೇಬರೊಡನೆ ಚೊಕ್ಕ ಮರಾಠಿಯಲ್ಲಿ ಮಾತಾಡಿದ, ಮುಂದೆ ಬಂದು ಎತ್ತುಗಳಿಗೆ ಚೊಕ್ಕ ಕನ್ನಡದಲ್ಲಿ ಬೈದ. ಚಹಾದವನು ಜೊತೆಗಿದ್ದಿದ್ದರೆ ತೋರಿಸುತ್ತಿದ್ದೆ. ಎರಡೂ ಬದಿಗೆ ಜೋಳ ಕೊಯ್ದ ಕರಿಯ ಹೊಲ, ಅಲ್ಲಲ್ಲಿ ಕುರಿಯ ಹಿಂಡು, ಜಾಲಿ. ಇದನ್ನು ಪರದೇಶವೆನ್ನಲು ಕಾಶವ್ವನಂಥ ಹಟಮಾರಿಯೇ ಬೇಕು.

ಬಾಲಗಾಂವದ ಫಾಟಾ

ಬಾಲಗಾಂವಕ್ಕೆ ಒಳದಾರಿ ಒಡೆಯುವ ತಿರುವಿಗೆ ಫಾಟಾ ಎನ್ನುತ್ತಾರೆ. ಅಲ್ಲಿ ಒಬ್ಬ ಹೆಣ್ಣುಮಗಳು ಹತ್ತಿದಳು. ನಲವತ್ತರ ಆಸುಪಾಸು, ಗಟ್ಟಿ ಆಳು, ಹಣೆಯ ತುಂಬ ಕುಂಕುಮ. ಟಗರನ್ನು ಒಂದು ಬದಿಗೆ, ನನ್ನನ್ನು ಇನ್ನೊಂದು ಬದಿಗೆ ತಳ್ಳಿ ಎದುರಿಗೆ ಕೂತಳು. ಅವಳ ತೊಡೆಯ ಮೇಲೂ ಒಂದು ಗಂಟಿತ್ತು. ಅದರಿಂದಲೂ ಹಸಿರು ಇಣುಕುತ್ತಿತ್ತು.

“ಎಲ್ಲಿಗಿ ನೀಲವ್ವಾ, ಕುಬಸೇನು?” ಮೂಲೆಯಲ್ಲಿದ್ದ ಮುದುಕಿ ಕೇಳಿದಳು.

“ಹೌದಬೇ, ಉಟಗಿಗೆ. ನನ್ನ ಗೆಳತಿ ಶಾಂತವ್ವನ ಸೊಸಿಗೆ ಕಳ್ಳ ಕುಬಸ. ಅವ್ವಿಲ್ಲದ ಹುಡುಗಿ. ತವರಿನವರು ಒಬ್ಬರೂ ಹಣಿಕಿ ಹಾಕಿಲ್ಲ. ಅದಕ್ಕ ಶಾಂತಿ ನನಗ, ನೀನ ತವರಿನಾಕಿ ಅಂತ ಬಾ ಅಂದಾಳ. ಇವತ್ತ ನಾ ಆ ಹುಡುಗಿ ಸೋದರತ್ತಿ!”

ನನ್ನ ಬೀಗತಿಯ ಹೆಸರು ಶಾಂತವ್ವ. ಉಟಗಿಯಲ್ಲಿ ಶಾಂತವ್ವಗಳು ಹತ್ತು ಮಂದಿ ಇರಬಹುದು ಅಂದುಕೊಂಡೆ.

“ಅಪ್ಪ ಇಲ್ಲೇನು?” ಮುದುಕಿ ಬಿಡಲಿಲ್ಲ.

“ಅದಾನಂತ, ಗುಳೇದಗುಡ್ಡದಾಗ ಮಾಸ್ತರಂತ. ಮಂದಿ ಮಕ್ಕಳಿಗೆ ಬುದ್ಧಿ ಹೇಳತಾನ, ಹಡದ ಮಗಳ ನೆನಪಿಲ್ಲ. ಆ ಹುಡುಗಿ ದಿನಾ ಎಸ್‌ಟಿ ಬರೂ ಹೊತ್ತಿಗೆ ಬಾಗಲಾಗ ಬಂದು ನಿಂದರತಾಳಂತ. ಬಸ್ಸು ಹೋದ ಮ್ಯಾಲ ಒಳಗ ಹೋಗಿ ಏನೂ ಆಗಿಲ್ಲದಂಗ ಜ್ವಾಳಾ ಹಸನ ಮಾಡತಾಳಂತ. ಅಂಥಾ ಅಪ್ಪಗ ಏನನ್ನಬೇಕು?”

ಏನನ್ನಬೇಕೆಂಬುದನ್ನೂ ಅವಳೇ ಹೇಳಿದಳು. ಅದನ್ನು ಇಲ್ಲಿ ಬರೆಯುವಂತಿಲ್ಲ. ಜೀಪಿನವರೆಲ್ಲ ಹೌದು ಹೌದೆಂದು ತಲೆ ಆಡಿಸಿದರು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನು ಗಂಟು ಮುಟ್ಟಿ ನೋಡಿಕೊಂಡೆ. ಸಿಟ್ಟು ಬಂದದ್ದು ಸುಳ್ಳಲ್ಲ. ಆದರೆ ಕೂತಲ್ಲೇ ದಿನ ಎಣಿಸಿದೆ. ಕಾಶವ್ವನ ಮನಸ್ಸು ಕರಗಲೆಂದು ನಾನು ಇಪ್ಪತ್ತು ದಿನ ಕಳೆದೆ. ಆ ಇಪ್ಪತ್ತು ದಿನವೂ ನನ್ನ ಮಗಳು ಬಾಗಿಲಲ್ಲಿ ನಿಂತಿದ್ದಳು.

“ಬಾಯಾರ” ಅಂದೆ. “ಆ ಗುಳೇದಗುಡ್ಡದ ಮಾಸ್ತರ ನಾನ.”

ಡ್ರೈವರ್ ಬ್ರೇಕು ಒತ್ತಿ ಹಿಂದಕ್ಕೆ ತಿರುಗಿ ನೋಡಿದ. ನೀಲವ್ವ ನಾಚಿಕೊಂಡಾಳೆಂದು ನಾನು ಕಾದೆ.

“ಭಾಳ ಚಲೋ ಆತು” ಅಂದಳು. “ಮಾರಿ ಮ್ಯಾಲೇ ಬೈಯಾಕ ಸಿಕ್ಕಿರಿ.”

“ಬೈದದ್ದಾತಲ್ಲ? ಇನ್ನ ಜೀಪು ಇಳೀರಿ. ನನ್ನ ಮಗಳ ಕುಬಸಕ್ಕ ಬಾಡಿಗಿ ತವರು ಬ್ಯಾಡ. ನಾ ಬಂದೀನಿ.”

“ಇಳ್ಯಾಕ ಬಂದಾಕಿ ಅಲ್ರಿ ನಾ. ಗಂಡನ ಕೂಡ ಜಗಳಾ ತಗದು ಬಂದೀನಿ. ಎಲ್ಲಿ, ನೀವು ಏನ ತಂದೀರಿ ತೋರಸ್ರಿ.”

ತೋರಿಸುವುದಿಲ್ಲವೆಂದೆ. ಅವಳು ಆಗಲೇ ಗಂಟು ಬಿಚ್ಚಿದ್ದಳು. ಸೀರೆ ನೋಡಿದಳು, ಬಳೆ ನೋಡಿದಳು, ಹೋಳಿಗೆಯ ಅಂಚು ಮುರಿದು ರುಚಿ ನೋಡಿ ಹುಬ್ಬು ಏರಿಸಿದಳು. ಕೊನೆಗೆ ಖಣ ಕೈಗೆತ್ತಿಕೊಂಡು ಆ ಮುದುಕಿಗೆ ತೋರಿಸಿದಳು. ಇಬ್ಬರೂ ಬಿದ್ದು ಬಿದ್ದು ನಗತೊಡಗಿದರು.

“ಮಾಸ್ತರ, ಇದನ್ನ ಹುಡುಗಿಗೆ ಹೆಂಗ ತೊಡಸ್ತೀರಿ? ಹೊಲಿಸೇ ಇಲ್ಲಲ್ರಿ!”

ಶಿವನೇ! ಹುಟ್ಟಿದಾಗಿನಿಂದ ಖಣ ನೋಡಿದವನು ನಾನು. ನಮ್ಮೂರಲ್ಲಿ ಖಣವೆಂದರೆ ಮಗ್ಗದಿಂದ ಕತ್ತರಿಸಿ, ಮಡಚಿ, ಕಟ್ಟಿಡುವ ಬಟ್ಟೆ. ಹೊಲಿಸುವುದು ಕೊಂಡವರ ಮನೆಯ ಕೆಲಸ. ಮೂವತ್ತು ವರ್ಷ ಮಂದಿಯ ಮಕ್ಕಳ ತಪ್ಪಿಗೆ ಕೆಂಪು ಗೆರೆ ಎಳೆದ ಮಾಸ್ತರ, ಕುಬಸವಿಲ್ಲದೆ ಕುಬಸಕ್ಕೆ ಹೊರಟಿದ್ದೆ.

ನೀಲವ್ವ ತನ್ನ ಗಂಟು ಬಿಚ್ಚಿದಳು. ಹೊಲಿದ ಹಸಿರು ಕುಬಸ, ತೋಳಿಗೆ ಕೆಂಪು ಅಂಚು. ಬಗಲಲ್ಲಿ ಬಿಚ್ಚಿ ದೊಡ್ಡದು ಮಾಡಲು ಎರಡು ಬೆರಳು ಬಟ್ಟೆ ಒಳಗೆ ಮಡಚಿ ಬಿಟ್ಟಿದ್ದಳು. ಅದು ನನ್ನ ತಲೆಗೆ ಏಳು ಜನ್ಮಕ್ಕೂ ಹೊಳೆಯುವಂಥದಲ್ಲ.

“ಸೀರಿ ನಿಮ್ದು, ಕುಬಸ ನಂದು. ಒಪ್ಪಿದ್ರ ಕೂಡಿ ಹೋಗೂಣು. ಇಲ್ಲಂದ್ರ ಖಣಾ ಹೆಗಲ ಮ್ಯಾಲ ಹಾಕ್ಕೊಂಡು ನೀವೊಬ್ಬರ ಹೋಗ್ರಿ.”

ಒಪ್ಪಿದೆ. ಆ ಗದ್ದಲದಲ್ಲಿ ಟಗರು ಉಡಿ ತುಂಬಲೆಂದು ತಂದಿದ್ದ ನನ್ನ ವೀಳ್ಯದೆಲೆಯ ಕಟ್ಟನ್ನು ಪೂರ್ತಿ ಮುಗಿಸಿತ್ತು. ಕುರುಬರಾತ ನಾಚಿಕೊಂಡು ತನ್ನ ಎಲೆಅಡಿಕೆಯ ಚಂಚಿಯಿಂದ ಐದು ಎಲೆ ತೆಗೆದು ಕೊಟ್ಟ.

ಉಟಗಿ

ಬೀಗತಿ ಶಾಂತವ್ವ ಬಾಗಿಲಲ್ಲಿ ನಮ್ಮಿಬ್ಬರನ್ನು ಕಂಡು ಕೈಯಲ್ಲಿದ್ದ ತಂಬಿಗೆ ಬಿಟ್ಟಳು. ಗಂಗಾ ಮನೆಯಲ್ಲಿರಲಿಲ್ಲ. ಅವಳಿಗೆ ಸುಳಿವು ಸಿಗಬಾರದೆಂದು ಅಳಿಯ ಏನೋ ನೆಪ ಮಾಡಿ ಹೊಲಕ್ಕೆ ಕರೆದೊಯ್ದಿದ್ದ.

“ಬಾಡಿಗಿ ತವರು ತರಿಸಿದ್ರಂತಲ್ಲ ಬೀಗತಿ” ಅಂದೆ. ಬಿಸಿಲು, ಜೀಪು, ಬೈಗುಳ, ಎಲ್ಲ ಸೇರಿ ನನ್ನ ದನಿ ಏರಿತ್ತು.

“ಹೌದ್ರಿ, ತರಿಸಿದೆ” ಅಂದಳು ಶಾಂತವ್ವ. “ಹುಡುಗಿ ಬಾಗಲಾ ಕಾಯೂದು ನನಗ ನೋಡಾಕ ಆಗಲಿಲ್ಲ. ಮದಲ ನಿಮ್ಮಪ್ಪ ಕಳಿಸ್ಯಾರ ಅಂತ ಹೇಳಿ, ಆಮ್ಯಾಲ ಆಕಿಗೆ ಖರೇ ಹೇಳ್ತಿದ್ದೆ. ಇವತ್ತ ಒಂದಿನಾ ಊರ ಹೆಂಗಸರ ಮುಂದ ತಲಿ ಎತ್ತಿ ಕುಂತಿದ್ರ ಸಾಕಾಗಿತ್ತು. ಮುಚ್ಚಿದ್ದು ನಿಮ್ಮ ಮಾನಾನ ಬೀಗರ, ನಂದಲ್ಲ.”

ಕೈ ಮುಗಿದೆ. ಅವಳು ಕಾಲಿಗೆ ನೀರು ಕೊಟ್ಟಳು.

ಓಣಿಯ ಹೆಂಗಸರು ಹಿತ್ತಲ ಬಾಗಿಲಿಂದ ಒಬ್ಬೊಬ್ಬರೇ ಬಂದು ಒಳಗೆ ತುಂಬಿದರು. ಗಂಗಾ ಬರುವ ಸದ್ದಾಗುತ್ತಲೇ ನನ್ನನ್ನು ಕಾಳಿನ ಚೀಲಗಳ ಕೋಣೆಗೆ ನೂಕಿ ಬಾಗಿಲು ಎಳೆದರು. ನನಗೇನು ಗೊತ್ತು, ಅಲ್ಲೇ ಒಣ ಮೆಣಸಿನಕಾಯಿಯ ಚೀಲವೂ ಇದೆಯೆಂದು! ಮೂಗು ಹಿಡಿದೆ, ಬಾಯಿ ಮುಚ್ಚಿದೆ, ಪಂಚಾಕ್ಷರಿ ಜಪಿಸಿದೆ. ನನ್ನ ಸೀನು ಸಾಮಾನ್ಯದ್ದಲ್ಲ, ನಮ್ಮ ಸಾಲಿಯಲ್ಲಿ ನಾನು ಸೀನಿದರೆ ಮೂರನೆಯ ವರ್ಗದ ಹುಡುಗರು ಬೆಚ್ಚಿ ಎದ್ದು ನಿಲ್ಲುತ್ತಿದ್ದರು. ಗಂಗಾ ಪಡಸಾಲೆಗೆ ಕಾಲಿಟ್ಟಿದ್ದಳು. ಸೀನು ಬಂದೇ ಬಿಟ್ಟಿತು, ಒಂದಲ್ಲ, ಮೂರು.

ಹೊರಗೆ ಹೆಜ್ಜೆಯ ಸಪ್ಪಳ ಕೋಣೆಯ ಬಾಗಿಲಿಗೆ ಬಂತು.

“ಅಪ್ಪಾ?”

ಬಾಗಿಲು ತೆರೆದೆ. ಮೂಗಲ್ಲಿ ನೀರು, ಕಣ್ಣಲ್ಲಿ ನೀರು. ಮೆಣಸಿನಕಾಯಿಯದೆಂದು ಹೇಳಿದೆ, ಯಾರೂ ನಂಬಲಿಲ್ಲ. ಗಂಗಾ ನನ್ನ ಎದೆಗೆ ಹಣೆ ಒತ್ತಿ, “ಯಾಕ ಇಷ್ಟು ತಡಾ ಮಾಡಿದಿ, ಯಾಕ ಇಷ್ಟು ತಡಾ ಮಾಡಿದಿ” ಅಂತ ಮುಷ್ಟಿಯಿಂದ ಗುದ್ದಿದಳು. ತಪ್ಪಾಯಿತು ಅಂದೆ. ಮಗಳಿಗೆ ಆ ಮಾತು ಹೇಳಿದ್ದು ಅದೇ ಮೊದಲು.

ಸೀರೆ ಉಡಿಸಿ, ಕುಬಸ ತೊಡಿಸಿ, ಬಳೆ ಇಡಿಸಿ ಅವಳನ್ನು ಮಣೆಯ ಮೇಲೆ ಕೂರಿಸಿದರು. ನಾನು ಗಂಡಸೆಂದು ಯಾರೂ ಹೊರಗೆ ಕಳಿಸಲಿಲ್ಲ, ಕಳಿಸಿದ್ದರೂ ಹೋಗುತ್ತಿರಲಿಲ್ಲ. ಮೂಲೆಯ ಕಂಬಕ್ಕೆ ಒರಗಿ ಕೂತೆ. ನೀಲವ್ವ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣಕೊಂಬು ಮೊರದಲ್ಲಿಟ್ಟುಕೊಂಡು, ಮೇಲೆ ನನ್ನ ಖಣ ಮಡಚಿಟ್ಟು ಉಡಿ ತುಂಬಲು ಬಗ್ಗಿದಳು. ಆಗ ಹಿರಿಯಳೊಬ್ಬಳು, ಮಲ್ಲವ್ವನಂತೆ ಅವಳ ಹೆಸರು, ಕಣ್ಣು ಕಿರಿದು ಮಾಡಿ ನೋಡಿದಳು.

“ತವರಿನಾಕಿ ಅಂದ್ರಿ. ಈಕಿ ಬಾಲಗಾಂವದ ನೀಲಿ ಅಲ್ಲಾ? ಲಗ್ನಾಗಿ ಇಪ್ಪತ್ತು ವರ್ಷಾತು, ಹೊಟ್ಟಿ ತೆರದಿಲ್ಲ ಈಕಿದು. ಇಂಥಾ ಕೈಲೆ ಬಸರಿ ಉಡಿ ತುಂಬಸ್ತಾರೇನ ಶಾಂತವ್ವಾ? ತಗೀ ಆ ಮರಾ!”

ಜೀಪಿನಲ್ಲಿ ಹದಿಮೂರು ಮಂದಿಯ ಮುಂದೆ ನನ್ನನ್ನು ಬೈದ ನೀಲವ್ವ ತಲೆ ತಗ್ಗಿಸಿದಳು. ಅವಳ ಕೈ ಮೊರದ ಮೇಲೇ ನಿಂತಿತು. ಆಮೇಲೆ ಮೆಲ್ಲಗೆ, ಸಪ್ಪಳವಾಗದಂತೆ, ಮೊರ ನೆಲಕ್ಕಿಟ್ಟಳು. ಈ ಮಾತು ಅವಳಿಗೆ ಹೊಸದಲ್ಲವೆಂದು ಇಡುವ ರೀತಿಯಲ್ಲೇ ತಿಳಿಯಿತು. ನನಗೆ ಮೈಯೆಲ್ಲ ಉರಿಯಿತು. ಎದ್ದು ನಿಂತೆ.

“ಮರಾ ಎತ್ತು ನೀಲವ್ವಾ” ಅಂದೆ. “ಮಲ್ಲವ್ವಾರ, ಈಕಿ ನನ್ನ ತಂಗಿ.”

“ಬಾಲಗಾಂವದಾಕಿ ನಿಮಗ ಹೆಂಗ್ರಿ ತಂಗಿ ಆಗ್ತಾಳ?”

“ಗುಳೇದಗುಡ್ಡದಾಕಿ. ಬಾಲಗಾಂವಕ್ಕ ಕೊಟ್ಟೇವಿ. ಪರದೇಶಕ್ಕ ಹೆಣ್ಣು ಕೊಡೂದು ನಮ್ಮ ಮನಿ ರೂಢಿ ಐತಿ. ನನ್ನ ಮಗಳ ಉಡಿ ನನ್ನ ತಂಗಿ ತುಂಬತಾಳ. ಬ್ಯಾಡಾಂದವರು ಕಡಬು ತಿಂದು ಮನಿಗೆ ಹೋಗ್ರಿ, ಬೇಕಾದ್ರ ತಿನ್ನದ ಹೋಗ್ರಿ.”

ಬೀಗರ ಮನೆಯಲ್ಲಿ ನಿಂತು ಹಾಗೆ ಮಾತಾಡಬಾರದು, ನನಗೂ ಗೊತ್ತು. ಆದರೂ ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸಿರಲಿಲ್ಲ. ಗಂಗಾ ನನ್ನನ್ನು ನೋಡಿದಳು, ನೀಲವ್ವನನ್ನು ನೋಡಿದಳು. ಅವಳಿಗೆ ತನ್ನ ಸೋದರತ್ತೆ ಯಾರೆಂದು ಚೆನ್ನಾಗಿ ಗೊತ್ತು. ಹಸಿರು ಸೆರಗನ್ನು ಎರಡೂ ಕೈಯಲ್ಲಿ ಅಗಲವಾಗಿ ಹಿಡಿದಳು.

“ಅತ್ತೀ, ಲಗೂನ ತುಂಬಬೇ” ಅಂದಳು. “ಸೆರಗು ಹಿಡದು ಕೈ ಸೋತುವು.”

ಶಾಂತವ್ವ ಮೊರವೆತ್ತಿ ನೀಲವ್ವನ ಕೈಗೆ ಕೊಟ್ಟಳು. ನೀಲವ್ವ ಉಡಿ ತುಂಬಿದಳು. ನಾಲ್ಕು ಅಕ್ಕಿಕಾಳು ನೆಲಕ್ಕೆ ಬಿದ್ದವು, ಅವನ್ನೂ ಆರಿಸಿ ಉಡಿಗೆ ಹಾಕಿದಳು. ಮಲ್ಲವ್ವ ಮುಖ ತಿರುವಿ ಕೂತಳು, ಆದರೆ ಮನೆಗೆ ಹೋಗಲಿಲ್ಲ. ನನ್ನ ಕರಿಗಡಬು ಮೂರು ತಿಂದಳು.

ಬಾಲಗಾಂವ

ಮರುದಿನ ಮುಂಜಾನೆ ಅದೇ ಜೀಪಿನಲ್ಲಿ ಹಿಂದಿರುಗಿದೆವು. ನೀಲವ್ವ ಫಾಟಾದಲ್ಲಿ ಇಳಿದ ಮೇಲೆ ಜೀಪಿನ ಸರಳು ಹಿಡಿದು ನಿಂತಳು.

“ನಿನ್ನಿ ತಂಗಿ ಅಂದ್ರಲ್ಲ ಮಾಸ್ತರ, ಜಗಳದ ಸಿಟ್ಟಿನಾಗ ಅಂದ್ರೋ, ಖರೇನ ಅಂದ್ರೋ?”

“ಜಗಳದಾಗ ನಾ ಸುಳ್ಳು ಹೇಳೂದಿಲ್ಲ.”

“ಹಂಗಾರ ನಾಗರ ಪಂಚಮಿಗೆ ತವರಿಗೆ ಕರಿಯಾಕ ಬರ್ರಿ. ನನಗ ಒಡಹುಟ್ಟಿದವರು ಯಾರೂ ಇಲ್ಲ. ಅವ್ವ ಸತ್ತ ಮ್ಯಾಲ ಪಂಚಮಿಗೆ ಯಾರೂ ಕರ್ಯಾಕ ಬಂದಿಲ್ಲ.”

ಅಂದವಳು ತಾನೇ ಜೋರಾಗಿ ನಕ್ಕು, ನನ್ನ ಉತ್ತರಕ್ಕೆ ಕಾಯದೆ ಒಳದಾರಿ ಹಿಡಿದಳು.

ಶ್ರಾವಣ ಬಂತು. ಪಂಚಮಿಗೆ ಎರಡು ದಿನ ಮುಂಚೆ ಹೊರಟೆ. ಚಡಚಣದಲ್ಲಿ ಚಹಾ ಕುಡಿಯಲಿಲ್ಲ, ಹಾಗಾಗಿ ಬಸ್ಸು ಸಿಕ್ಕಿತು. ಫಾಟಾದಿಂದ ಕೆಸರು ತುಳಿದು ನಡೆದೆ. ಮನೆ ಕೇಳುವ ಕೆಲಸ ಬೀಳಲಿಲ್ಲ. ಊರ ಮೊದಲ ಓಣಿಯಲ್ಲೇ ಒಂದು ಮನೆಯ ಹೊಸ್ತಿಲಲ್ಲಿ ತಗಡಿನ ಟ್ರಂಕಿನ ಮೇಲೆ ನೀಲವ್ವ ಕೂತಿದ್ದಳು. ತಲೆಗೆ ಎಣ್ಣೆ, ಮೈಗೆ ಮಡಿಕೆ ಬಿಚ್ಚಿದ ಸೀರೆ. ಅವಳ ಗಂಡ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದವನು ನನ್ನನ್ನು ಕಂಡು ಕೈ ನಿಲ್ಲಿಸಿದ.

“ಬಂದ್ರೇನ್ರಿ? ಬರೂದಿಲ್ಲ, ಹುಚ್ಚಿ, ಒಳಗ ಬಾ ಅಂತ ಬಡಕೊಂಡೆ ನಾ” ಅಂದ.

ನೀಲವ್ವ ಅವನ ಕಡೆ ನೋಡಲೂ ಇಲ್ಲ. ಎದ್ದು ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಟ್ರಂಕು ಎತ್ತಿ ನನ್ನ ತಲೆಯ ಮೇಲಿಟ್ಟಳು.

“ಎಷ್ಟು ತಡಾ ಮಾಡಿದಿ ಅಣ್ಣಾ. ಮೂರು ದಿನಾತು ಇದನ್ನ ಕಟ್ಟಿ.”